ಹೂವಿಗೆ ಬಂದವರೆಲ್ಲ ಪರಾಗಸ್ಪರ್ಶಕರಲ್ಲ: ಕೀಟ ಮತ್ತು ಹೂವಿನ ಅಧ್ಯಯನಕ್ಕೆ ಸಮಗ್ರ ಮಾರ್ಗದರ್ಶಿ

ಹೂವಿನ ಮೇಲೆ ಜೇನುನೊಣ ಕೂತ ಫೋಟೊ ಸಿಕ್ಕರೆ ಸಾಕು, ಕೆಳಗೆ ‘ಪರಾಗಸ್ಪರ್ಶ ಮಾಡುತ್ತಿರುವ ಜೇನು’ ಎಂದು ಬರೆದುಬಿಡುವುದು ರೂಢಿ. ಆ ಫೋಟೊದಿಂದ ಅಷ್ಟು ಹೇಳಲು ಬರುವುದಿಲ್ಲ. ಬೇರೆ ಯಾವುದೋ ಕೀಟ ಹೂವಿನ ಬುಡದಲ್ಲಿ ಕೊರೆದ ತೂತಿನಿಂದ ನೊಣ ಮಕರಂದ ಹೀರುತ್ತಿರಬಹುದು. ಪರಾಗವನ್ನು ಕಾಲಿಗೆ ತುಂಬಿಕೊಂಡು ಶಲಾಕಾಗ್ರವನ್ನು, ಅಂದರೆ ಹೂವಿನ ಹೆಣ್ಣು ಭಾಗದ ಪರಾಗ ಹಿಡಿಯುವ ತುದಿಯನ್ನು, ಮುಟ್ಟದೆಯೇ ಹೊರಟುಹೋಗಬಹುದು. ಮುಟ್ಟಿದರೂ ಮೈಗಂಟಿದ ಪರಾಗ ಬೇರೆ ಜಾತಿಯದ್ದಾಗಿರಬಹುದು; ಅದೇ ಗಿಡದ್ದಾಗಿದ್ದರೆ ಗಿಡವೇ ಅದನ್ನು ಒಪ್ಪದಿರಬಹುದು. ಭೇಟಿ ಕಣ್ಣಿಗೆ ಕಾಣುತ್ತದೆ, ಪರಾಗಸ್ಪರ್ಶ ಕಾಣುವುದಿಲ್ಲ. ಈ ಕ್ಷೇತ್ರದ ಹೆಚ್ಚಿನ ವಿಧಾನಗಳು ಹುಟ್ಟಿಕೊಂಡಿರುವುದು ಈ ಅಂತರವನ್ನು ತುಂಬುವುದಕ್ಕಾಗಿಯೇ.

ಒಂದು ಹೂಬಿಡುವ ಕಾಲ, ತೆಳು ಜಾಲರಿಯ ಚೀಲಗಳು, ಬಣ್ಣದ ದಾರ, ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ, ಸಣ್ಣ ಚಿಮುಟ, ಗಡಿಯಾರ, ನೋಟ್‌ಬುಕ್, ಸಾಧ್ಯವಾದರೆ ಒಂದು ಸಾಮಾನ್ಯ ಸೂಕ್ಷ್ಮದರ್ಶಕ. ಕೆಳಗಿನ ಕೆಲಸದ ಬಹುಪಾಲು ಇಷ್ಟರಲ್ಲೇ ಆಗುತ್ತದೆ. ಪ್ರಯೋಗಾಲಯ ಬೇಕಾದ ಹಂತಗಳನ್ನು ಅಲ್ಲಲ್ಲೇ ಹೇಳಿದ್ದೇನೆ. ಕೀಟ ಕಚ್ಚಿದರೆ ಅಲರ್ಜಿ ಇರುವವರು ಒಬ್ಬರೇ ಹೊಲಕ್ಕೆ ಇಳಿಯಬಾರದು. ಕಾಯ್ದಿಟ್ಟ ಕಾಡಾಗಲಿ ಇನ್ನೊಬ್ಬರ ಜಮೀನಾಗಲಿ, ಮೊದಲು ಅನುಮತಿ ಪಡೆಯಿರಿ.

ಹಂತ 1: ಪ್ರಶ್ನೆಯನ್ನು ಕಿರಿದು ಮಾಡಿ, ಗಿಡವನ್ನು ಆರಿಸಿ

‘ಈ ಗಿಡದ ಪರಾಗಸ್ಪರ್ಶದ ಅಧ್ಯಯನ’ ಎಂದು ಹೊರಟರೆ ದಾರಿ ತಪ್ಪುತ್ತದೆ. ಅದರೊಳಗೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿವೆ. ಕಾಯಿ ಕಚ್ಚಲು ಈ ಗಿಡಕ್ಕೆ ಕೀಟ ಬೇಕೇ? ಹೂವಿಗೆ ಯಾರು ಯಾರು ಬರುತ್ತಾರೆ? ಬಂದವರಲ್ಲಿ ಯಾರ ಭೇಟಿಯಿಂದ ಬೀಜವಾಗುತ್ತದೆ? ಗಿಡಕ್ಕೆ ಸಿಗುತ್ತಿರುವ ಪರಾಗ ಸಾಕಾಗುತ್ತಿದೆಯೇ? ಮೊದಲನೆಯದಕ್ಕೂ ಕೊನೆಯದಕ್ಕೂ ಚೀಲದ ಪ್ರಯೋಗ, ಎರಡನೆಯದಕ್ಕೆ ಎಣಿಕೆ, ಮೂರನೆಯದಕ್ಕೆ ಒಂದೇ ಭೇಟಿಯ ಪ್ರಯೋಗ. ಮೊದಲ ಸಲಕ್ಕೆ ಎರಡು ಪ್ರಶ್ನೆ ಹಿಡಿದುಕೊಂಡರೆ ಧಾರಾಳವಾಯಿತು.

ಕಲಿಯುವವರಿಗೆ ಸಿಹಿಗುಂಬಳಕ್ಕಿಂತ ಒಳ್ಳೆಯ ಗಿಡ ನನಗೆ ಕಂಡಿಲ್ಲ. ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯಂಥ ಅಂಡಾಶಯ ಇರುವುದರಿಂದ ಗುರುತು ತಪ್ಪುವುದಿಲ್ಲ. ಹೂ ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುವುದರಿಂದ ಒಂದು ಹೂವಿನ ಇಡೀ ಜೀವನವನ್ನು ಒಂದು ಬೆಳಗಿನಲ್ಲಿ ನೋಡಿ ಮುಗಿಸಬಹುದು. ಪರಾಗದ ಕಣ ನೂರು ಮೈಕ್ರೋಮೀಟರ್‌ಗಿಂತ ದೊಡ್ಡದು, ಮುಳ್ಳುಮುಳ್ಳಾದದ್ದು. ಶಲಾಕಾಗ್ರದ ಮೇಲೆ ಕೈಮಸೂರದಲ್ಲೇ ಕಾಣುತ್ತದೆ. ಜೊತೆಗೆ ಹೋಲಿಕೆಗೆ ಬದನೆ ಇಟ್ಟುಕೊಳ್ಳಿ. ಅದು ದ್ವಿಲಿಂಗಿ ಹೂ, ಅದರ ಪರಾಗ ಹೊರಬರುವ ರೀತಿಯೂ ಬೇರೆ. ಬದನೆಯಲ್ಲಿ ಒಂದು ಎಚ್ಚರ: ಒಂದೇ ಗಿಡದಲ್ಲಿ ಉದ್ದ ಶಲಾಕೆಯ (ಶಲಾಕಾಗ್ರವನ್ನು ಹೊತ್ತ ಕಡ್ಡಿಯ) ಹೂಗಳೂ ಗಿಡ್ಡ ಶಲಾಕೆಯ ಹೂಗಳೂ ಇರುತ್ತವೆ. ಗಿಡ್ಡ ಶಲಾಕೆಯವು ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ಇದನ್ನು ಗಮನಿಸದೆ ಸಿಕ್ಕ ಹೂವಿಗೆಲ್ಲ ಚೀಲ ಕಟ್ಟಿದರೆ, ಹೂವಿನ ಲಕ್ಷಣದಿಂದ ಉದುರಿದ್ದಕ್ಕೂ ಕೀಟವಿಲ್ಲದೆ ಉದುರಿದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಹಂತ 2: ಕೀಟಕ್ಕಿಂತ ಮೊದಲು ಹೂವನ್ನು ಓದಿ

ಮೊದಲ ಕೆಲವು ದಿನ ಕೀಟಗಳ ಕಡೆ ನೋಡಲೇಬೇಡಿ. ಒಂದಷ್ಟು ಮೊಗ್ಗುಗಳ ತೊಟ್ಟಿಗೆ ಬಣ್ಣದ ದಾರ ಕಟ್ಟಿ ಅವುಗಳ ದಿನಚರಿ ಬರೆಯಿರಿ: ಎಷ್ಟು ಗಂಟೆಗೆ ಅರಳಿತು, ಪರಾಗಕೋಶ (ಪರಾಗ ತುಂಬಿದ ಚೀಲ) ಯಾವಾಗ ಬಿರಿಯಿತು, ಶಲಾಕಾಗ್ರ ಯಾವಾಗ ಅಂಟಂಟಾಯಿತು, ಮಕರಂದ ಯಾವಾಗ ಬಂತು, ಹೂ ಯಾವಾಗ ಬಾಡಿತು. ಮುಂದಿನ ಪ್ರಯೋಗಗಳ ವೇಳಾಪಟ್ಟಿ ಇದರ ಮೇಲೆಯೇ ನಿಲ್ಲುತ್ತದೆ.

ಹಲವು ದ್ವಿಲಿಂಗಿ ಹೂಗಳಲ್ಲಿ ಗಂಡು, ಹೆಣ್ಣು ಭಾಗಗಳು ಒಟ್ಟಿಗೆ ಪಕ್ವವಾಗುವುದಿಲ್ಲ. ಸೂರ್ಯಕಾಂತಿಯ ಒಂದೊಂದು ಕಿರುಹೂವೂ ಮೊದಲು ಪರಾಗ ಹೊರಗೆ ತಳ್ಳಿ, ಆಮೇಲೆ ಶಲಾಕಾಗ್ರವನ್ನು ಬಿಡಿಸುತ್ತದೆ. ತಟ್ಟೆಯ ಹೊರಸುತ್ತಿನಿಂದ ಒಳಸುತ್ತಿಗೆ ಹೀಗೆ ದಿನಗಟ್ಟಲೆ ಸಾಗುತ್ತದೆ. ಸೀತಾಫಲದ ಹೂವಿನಲ್ಲಿ ತಿರುಗುಮುರುಗು, ಮೊದಲು ಹೆಣ್ಣಿನ ಸರದಿ. ಬೆಳಿಗ್ಗೆ ಬಂದ ಕೀಟಕ್ಕೆ ಶಲಾಕಾಗ್ರವೇ ಸಿದ್ಧವಿರದಿದ್ದರೆ ಆ ಭೇಟಿಯ ಬೆಲೆ ಏನೆಂದು ಕೇಳಬೇಕಾಗುತ್ತದೆ.

ಶಲಾಕಾಗ್ರ ಪಕ್ವವಾಗಿದೆಯೇ ಎಂದು ನೋಡಲು ಸುಲಭದ ಪರೀಕ್ಷೆ ಹೈಡ್ರೋಜನ್ ಪೆರಾಕ್ಸೈಡ್‌ನದು. ಶೇ. 3ರ ದ್ರಾವಣದ ಒಂದು ಹನಿ ಹಾಕಿ ಮಸೂರದಲ್ಲಿ ನೋಡಿದರೆ, ಕಿಣ್ವಗಳು ಚುರುಕಾಗಿರುವ ಪಕ್ವ ಶಲಾಕಾಗ್ರದಿಂದ ಗುಳ್ಳೆಗಳು ಏಳುತ್ತವೆ. ಆದರೆ ಗಾಯಗೊಂಡ ಅಂಗಾಂಶದಿಂದಲೂ ಮೇಲೆ ಬಿದ್ದ ಪರಾಗದಿಂದಲೂ ಗುಳ್ಳೆ ಏಳುತ್ತದೆ. ಆದ್ದರಿಂದ ಮೊಗ್ಗಿನಲ್ಲೇ ಚೀಲ ಕಟ್ಟಿದ, ಪರಾಗ ತಾಕದ ಹೂವನ್ನೇ ಬಳಸಿ. ಪರೀಕ್ಷೆಗೆ ಒಳಗಾದ ಹೂವನ್ನು ಬೇರೆ ಪ್ರಯೋಗಕ್ಕೆ ಲೆಕ್ಕ ಹಿಡಿಯಬೇಡಿ. ಪರಾಗಕ್ಕೆ ಜೀವವಿದೆಯೇ ಎಂದು ತಿಳಿಯಲು ಟೆಟ್ರಜೋಲಿಯಂ ಬಣ್ಣವಿದೆ, ಜೀವಂತ ಕಣ ಕೆಂಪಾಗುತ್ತದೆ. 1969ರಲ್ಲಿ ಬಂದ ಅಲೆಕ್ಸಾಂಡರ್ ಬಣ್ಣ ತುಂಬಿದ ಕಣವನ್ನು ಕೆನ್ನೇರಳೆಯಾಗಿಯೂ ಟೊಳ್ಳು ಕಣವನ್ನು ಹಸಿರಾಗಿಯೂ ತೋರಿಸುತ್ತದೆ. ಆದರೆ ಇತ್ತೀಚೆಗೆ ಸತ್ತ ಕಣವೂ ಒಳಗೆ ತುಂಬಿದ್ದರೆ ಕೆನ್ನೇರಳೆಯಾಗಿಯೇ ಕಾಣುತ್ತದೆ. ನನ್ನ ಮಟ್ಟಿಗೆ ಕೊನೆಯ ತೀರ್ಪು ಕೈಯಿಂದ ಪರಾಗ ಹಚ್ಚಿ ಬೀಜವಾಗುತ್ತದೆಯೇ ಎಂದು ನೋಡುವುದೇ.

ಮಕರಂದ ಅಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಹಿಂದಿನ ಸಂಜೆ ಚೀಲ ಕಟ್ಟಿದ ಹೂವಿನಿಂದ ಸೂಕ್ಷ್ಮ ಗಾಜಿನ ನಳಿಕೆಯಲ್ಲಿ ಎಳೆದು, ಪ್ರಮಾಣವನ್ನು ಮೈಕ್ರೋಲೀಟರ್‌ನಲ್ಲಿ ಬರೆದು, ಸಕ್ಕರೆಯ ಅಂಶವನ್ನು ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರಿನಲ್ಲಿ ಓದಬಹುದು. ಬಿಸಿಲೇರಿದಂತೆ ನೀರು ಆರಿ ಸಕ್ಕರೆಯ ಪ್ರಮಾಣ ಏರುವುದರಿಂದ ಸಮಯ ಬರೆಯದ ಅಳತೆ ನಿಷ್ಪ್ರಯೋಜಕ. ನಿಮ್ಮ ಪ್ರಶ್ನೆಗೆ ಮಕರಂದದ ಲೆಕ್ಕ ಬೇಡವಾದರೆ ಈ ಕೆಲಸವನ್ನು ಕೈಬಿಡಿ. ಕಾಲವನ್ನು ಇದರಷ್ಟು ನುಂಗುವ ಅಳತೆ ಇನ್ನೊಂದಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಜೇನುನೊಣಕ್ಕೆ ನೇರಳಾತೀತ, ನೀಲಿ, ಹಸಿರು ಕಾಣುತ್ತವೆ. ಕೆಂಪು ನಮಗೆ ಕಂಡಂತೆ ಕಾಣುವುದಿಲ್ಲ. ಜೇನಿಗೆ ಬಣ್ಣ ತಿಳಿಯುತ್ತದೆ ಎಂದು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಪ್ರಯೋಗದಿಂದ ತೋರಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ, ಮುಂದೆ ಜೇನಿನ ಕುಣಿತದ ಭಾಷೆಯನ್ನು ಬಿಡಿಸಿದ್ದೂ ಸೇರಿ, 1973ರಲ್ಲಿ ನೊಬೆಲ್ ಬಂತು. ನಮ್ಮ ಕಣ್ಣಿಗೆ ಒಂದೇ ಹಳದಿಯಾಗಿ ಕಾಣುವ ದಳದಲ್ಲಿ ನೊಣಕ್ಕೆ ಮಧ್ಯದ ಕಡೆ ದಾರಿ ತೋರುವ ಗುರುತುಗಳಿರಬಹುದು. ‘ಈ ಹೂ ಕೀಟದ ಕಣ್ಣಿಗೆ ಬೀಳುವಂತಿಲ್ಲ’ ಎಂದು ಬರೆಯುವ ಮುನ್ನ ಯಾರ ಕಣ್ಣು ಎಂದು ಯೋಚಿಸಿ.

ಹಂತ 3: ಚೀಲದ ಪ್ರಯೋಗ

1694ರಲ್ಲಿ ರುಡಾಲ್ಫ್ ಕ್ಯಾಮೆರೇರಿಯಸ್ ಔಡಲ ಗಿಡದ ಗಂಡು ಹೂಗಳನ್ನು ಕಿತ್ತುಹಾಕಿ ನೋಡಿದರು, ಬೀಜವಾಗಲಿಲ್ಲ. ಗಿಡಗಳಿಗೂ ಲಿಂಗವಿದೆ ಎಂಬುದಕ್ಕೆ ಪ್ರಯೋಗದ ಸಾಕ್ಷಿ ಸಿಕ್ಕಿದ್ದು ಹಾಗೆ. ಇಂದಿನ ಚೀಲದ ಪ್ರಯೋಗದ ತರ್ಕವೂ ಅದೇ: ಒಂದನ್ನು ತೆಗೆದು ಏನು ನಿಲ್ಲುತ್ತದೆ ನೋಡುವುದು, ಒಂದನ್ನು ಸೇರಿಸಿ ಏನು ಹೆಚ್ಚುತ್ತದೆ ನೋಡುವುದು.

ದ್ವಿಲಿಂಗಿ ಹೂವಿಗೆ ಐದು ಗುಂಪು ಸಾಕು. ಮೊದಲನೆಯದು ತೆರೆದ ಹೂ, ಪ್ರಕೃತಿ ಮಾಡಿದಷ್ಟು ಮಾಡಲಿ. ಎರಡನೆಯದು ಮೊಗ್ಗಿನಲ್ಲೇ ಚೀಲ ಕಟ್ಟಿ ಮುಟ್ಟದೆ ಬಿಟ್ಟದ್ದು. ಮೂರನೆಯದು ಚೀಲದೊಳಗೆ ಅದೇ ಗಿಡದ ಪರಾಗವನ್ನು ಕೈಯಿಂದ ಹಚ್ಚಿದ್ದು. ನಾಲ್ಕನೆಯದು ಚೀಲದೊಳಗೆ ಬೇರೆ ಗಿಡಗಳ ಪರಾಗ ಹಚ್ಚಿದ್ದು. ಇದರಲ್ಲಿ ಪರಾಗಕೋಶ ಬಿರಿಯುವ ಮೊದಲೇ ಕೇಸರಗಳನ್ನು (ಪರಾಗಕೋಶ ಹೊತ್ತ ಗಂಡು ಭಾಗಗಳನ್ನು) ಚಿಮುಟದಿಂದ ಕಿತ್ತಿರಬೇಕು. ಐದನೆಯದು ತೆರೆದ ಹೂವಿಗೇ ಮೇಲಿಂದ ಬೇರೆ ಗಿಡಗಳ ಪರಾಗವನ್ನು ಹೆಚ್ಚುವರಿಯಾಗಿ ಹಚ್ಚಿದ್ದು. ಸಿಹಿಗುಂಬಳದ ಹೆಣ್ಣು ಹೂವಿನಲ್ಲಿ ಕೇಸರ ಕೀಳುವ ತಾಪತ್ರಯವಿಲ್ಲ. ಅದೇ ಬಳ್ಳಿಯ ಗಂಡು ಹೂವಿನ ಪರಾಗ ಹಚ್ಚಿದರೆ ಮೂರನೇ ಗುಂಪು, ಬೇರೆ ಬಳ್ಳಿಯದಾದರೆ ನಾಲ್ಕನೆಯದು.

ಫಲಿತಾಂಶ ಓದುವುದು ಹೀಗೆ. ಮುಟ್ಟದ ಚೀಲದಲ್ಲೂ ಕೈಯಿಂದ ಹಚ್ಚಿದಷ್ಟೇ ಬೀಜವಾದರೆ ಹೂ ತಾನೇ ತನ್ನ ಕೆಲಸ ಮುಗಿಸಿಕೊಳ್ಳುತ್ತದೆ. ಸ್ವಂತ ಪರಾಗ ಹಚ್ಚಿದಾಗ ಬೀಜವಾಗಿ ಮುಟ್ಟದಿದ್ದಾಗ ಆಗದಿದ್ದರೆ, ಗಿಡ ಸ್ವಂತ ಪರಾಗವನ್ನು ಒಪ್ಪುತ್ತದೆ, ಆದರೆ ಅದನ್ನು ತಲುಪಿಸಲು ಯಾರಾದರೂ ಬೇಕು. ಸ್ವಂತದ್ದು ವಿಫಲವಾಗಿ ಬೇರೆ ಗಿಡದ್ದು ಯಶಸ್ವಿಯಾದರೆ ಅದು ಸ್ವಂತ ಪರಾಗವನ್ನು ತಿರಸ್ಕರಿಸುವ ಗಿಡ. ಈ ಐದು ಗುಂಪಿನ ಹೊರಗೆ, ಪರೀಕ್ಷೆಗೆಂದು ಕೇಸರ ಕಿತ್ತು, ಏನೂ ಹಚ್ಚದೆ ಚೀಲ ಕಟ್ಟಿದ ಹೂವಲ್ಲೂ ಬೀಜ ಕಂಡರೆ ಮೊದಲು ನಿಮ್ಮ ಚಿಮುಟವನ್ನು ಅನುಮಾನಿಸಿ, ಆಮೇಲೆ ಫಲೀಕರಣವಿಲ್ಲದೆ ಬೀಜವಾಗುವ ಸಾಧ್ಯತೆಯನ್ನು.

ಚೀಲದ ಬಟ್ಟೆಯ ಆಯ್ಕೆ ಕ್ಷುಲ್ಲಕ ಎನಿಸಬಹುದು, ಹಾಗಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಹೂ ಬೇಯುತ್ತದೆ. ಸೊಳ್ಳೆಪರದೆಯಂಥ ಅಗಲ ಕಣ್ಣಿನ ಬಟ್ಟೆ ಜೇನನ್ನು ತಡೆಯುತ್ತದೆ, ಥ್ರಿಪ್ಸ್‌ನಂಥ ಸಣ್ಣ ಕೀಟಗಳನ್ನು ತಡೆಯುವುದಿಲ್ಲ. ಕೋಕೋ ಹೂವಿನ ಪರಾಗಸ್ಪರ್ಶಕಗಳು ಕೆಲವೇ ಮಿಲಿಮೀಟರ್ ಉದ್ದದ ಕಿರುನೊಣಗಳು. ಅಲ್ಲಿ ಅಂಥ ಚೀಲ ಕಟ್ಟಿ ‘ಕೀಟವಿಲ್ಲದೆಯೂ ಕಾಯಿ ಬಂತು’ ಎಂದರೆ ಯಾರೂ ನಂಬಬೇಕಿಲ್ಲ. ಗಾಳಿಯ ಪಾತ್ರ ನೋಡಬೇಕಿದ್ದರೆ ಮಾತ್ರ, ಕೀಟ ನುಸುಳದ ಆದರೆ ಪರಾಗ ದಾಟುವ ಜಾಲರಿಯನ್ನು ಬೇರೆಯಾಗಿ ಬಳಸಿ, ಪಕ್ಕದಲ್ಲಿ ಜಿಡ್ಡು ಸವರಿದ ಗಾಜಿನ ಪಟ್ಟಿಯನ್ನಿಟ್ಟು ಅದರ ಮೇಲೆ ಪರಾಗ ಬೀಳುತ್ತದೆಯೇ ನೋಡಿ.

ಗಾಳಿಯೋ ಕೀಟವೋ ಎಂಬ ಪ್ರಶ್ನೆಗೆ ತಾಳೆಎಣ್ಣೆ ಮರದ ಕಥೆಯನ್ನು ನೆನಪಿಡಬೇಕು. ಈ ಮರಕ್ಕೆ ಗಾಳಿಯಿಂದಲೇ ಪರಾಗಸ್ಪರ್ಶ ಎಂಬ ನಂಬಿಕೆ ಬಹುಕಾಲ ಇತ್ತು. ಮಲೇಷ್ಯಾದ ತೋಟಗಳಲ್ಲಿ ಕಾಯಿ ಸರಿಯಾಗಿ ಕಟ್ಟದೆ ಕೂಲಿಯವರಿಂದ ಕೈಯಾರೆ ಪರಾಗ ಹಚ್ಚಿಸಬೇಕಾಗುತ್ತಿತ್ತು. 1970ರ ದಶಕದ ಕೊನೆಯಲ್ಲಿ ಕೀಟವಿಜ್ಞಾನಿ ರಹಮಾನ್ ಸೈಯದ್ ಮರದ ತವರಾದ ಪಶ್ಚಿಮ ಆಫ್ರಿಕಾದ ಕ್ಯಾಮರೂನ್‌ನಲ್ಲಿ ಹೂಗೊಂಚಲುಗಳನ್ನು ಪರೀಕ್ಷಿಸಿ, ಕೆಲಸ ಮಾಡುತ್ತಿರುವುದು ಕೀಟಗಳು, ಮುಖ್ಯವಾಗಿ ಒಂದು ಪುಟ್ಟ ಮೂತಿಹುಳ ಎಂದು ತೋರಿಸಿದರು. ಎಲೀಡೋಬಿಯಸ್ ಕ್ಯಾಮರೂನಿಕಸ್ ಎಂಬ ಆ ಹುಳವನ್ನು 1981ರಲ್ಲಿ ಮಲೇಷ್ಯಾದಲ್ಲಿ ಬಿಟ್ಟ ಮೇಲೆ ಕೈಯಿಂದ ಹಚ್ಚುವ ಕೆಲಸವೇ ನಿಂತಿತು. ಗೊಂಚಲಿನ ರೂಪ ನೋಡಿ ಗಾಳಿ ಎಂದವರನ್ನು ಪ್ರಯೋಗ ತಿದ್ದಿತು.

ಇನ್ನು ಕೈಯಿಂದ ಹಚ್ಚುವ ವಿಧಾನ. ಅಂದೇ ಬಿರಿದ ಪರಾಗವನ್ನು, ಹಿಂದಿನ ಸಂಜೆಯಿಂದ ಚೀಲದಲ್ಲಿದ್ದ ಹೂಗಳಿಂದಲೇ ತೆಗೆದುಕೊಳ್ಳಿ. ದಾನಿ ಗಿಡ ಒಂದೇ ಆದರೆ, ಅದು ನೆರೆಯ ಸೋದರ ಗಿಡವಾಗಿದ್ದು ಹೊಂದಾಣಿಕೆಯಾಗದೇ ಇರಬಹುದು. ಹಲವು ಗಿಡಗಳ ಪರಾಗ ಬೆರೆಸುವುದು ಕ್ಷೇಮ. ಶಲಾಕಾಗ್ರ ಪೂರ್ತಿ ಮುಚ್ಚುವಷ್ಟು ಹಚ್ಚಿ, ಆದರೆ ಉಜ್ಜಬೇಡಿ. ಹೂ ಬಾಡಿದ ಮೇಲೆ ಚೀಲವನ್ನು ಎಲ್ಲ ಗುಂಪಿನಿಂದಲೂ ತೆಗೆಯಿರಿ ಅಥವಾ ತೆರೆದ ಗುಂಪಿಗೂ ಕಟ್ಟಿ. ಇಲ್ಲದಿದ್ದರೆ ಹೀಚುಕಾಯಿಯನ್ನು ಹುಳದಿಂದ ಚೀಲ ಕಾಪಾಡಿದ್ದನ್ನೇ ಪರಾಗದ ಪ್ರಭಾವ ಎಂದು ಬರೆಯುವ ಅಪಾಯವಿದೆ.

ಯಾವ ಹೂವಿಗೆ ಯಾವ ಗುಂಪು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಕೈಗೆಟುಕುವ ಕೊಂಬೆಗೆಲ್ಲ ಚೀಲ, ಮೇಲಿನವೆಲ್ಲ ತೆರೆದದ್ದು ಎಂದಾದರೆ ಬಿಸಿಲನ್ನು ಅಳೆದಂತಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಗಿಡಕ್ಕೆ ಇರುವ ಆಹಾರ ಸೀಮಿತ. ಒಂದೇ ಗಿಡದ ಕೆಲವು ಹೂಗಳಿಗೆ ಮಾತ್ರ ಹೆಚ್ಚುವರಿ ಪರಾಗ ಹಚ್ಚಿದರೆ ಗಿಡ ಉಳಿದ ಹೂಗಳಿಂದ ಆಹಾರ ಹಿಂತೆಗೆದು ಇವಕ್ಕೆ ಸುರಿಯಬಹುದು, ಆಗ ಪರಾಗದ ಕೊರತೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಣ್ಣ ಗಿಡವಾದರೆ ಇಡೀ ಗಿಡವನ್ನೇ ಒಂದು ಗುಂಪಿಗೆ ಕೊಡುವುದು ಮೇಲು. ಮರವಾದರೆ ಅದು ಸಾಧ್ಯವಿಲ್ಲ. ಕನಿಷ್ಠ ಇಡೀ ಕೊಂಬೆಯನ್ನಾದರೂ ಕೊಡಿ, ಮತ್ತು ಈ ಮಿತಿಯನ್ನು ವರದಿಯಲ್ಲಿ ಬರೆಯಿರಿ.

ಪರಾಗದ ಕೊರತೆಯನ್ನು ಲೆಕ್ಕ ಹಾಕುವುದು ಸರಳ: ತೆರೆದ ಹೂವಿನ ಫಲವನ್ನು ಹೆಚ್ಚುವರಿ ಪರಾಗದ ಹೂವಿನ ಫಲದಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆಯಿರಿ. ತೆರೆದ ಹೂವಿಗೆ ಸರಾಸರಿ 60 ಬೀಜ, ಹೆಚ್ಚುವರಿ ಹಚ್ಚಿದ್ದಕ್ಕೆ 80 ಎಂದುಕೊಳ್ಳಿ. 60ನ್ನು 80ರಿಂದ ಭಾಗಿಸಿದರೆ 0.75, ಕೊರತೆ 0.25. ಸೊನ್ನೆ ಬಂದರೆ ಕೊರತೆಯಿಲ್ಲ. ಕಾಯಿಗಳ ಸಂಖ್ಯೆಯೊಂದನ್ನೇ ನೋಡಬೇಡಿ. ಕಾಯಿಯೊಳಗಿನ ಬೀಜ, ಬೀಜದ ತೂಕ, ಕಾಯಿಯ ಆಕಾರ ಎಲ್ಲವೂ ಮಾತನಾಡುತ್ತವೆ. ಒಂದು ಪಕ್ಕ ಸೊಟ್ಟಗಾದ ಸೌತೆ ಅಥವಾ ಸೇಬನ್ನು ಕೊಯ್ದು ನೋಡಿದರೆ ಆ ಪಕ್ಕದಲ್ಲಿ ಬೀಜ ಕಡಿಮೆ ಇರುವುದು ಹಲವು ಸಲ ಕಂಡುಬರುತ್ತದೆ.

ಹಂತ 4: ಭೇಟಿಯ ಎಣಿಕೆ

ಮೊದಲು ‘ಭೇಟಿ’ ಎಂದರೆ ಏನೆಂದು ಒಂದು ಸಾಲಿನಲ್ಲಿ ಬರೆದುಕೊಂಡು ಕೊನೆಯವರೆಗೂ ಬದಲಿಸಬೇಡಿ. ನಾನು ಸೂಚಿಸುವುದು: ಕೀಟದ ಮೈ ಪರಾಗಕೋಶವನ್ನೋ ಶಲಾಕಾಗ್ರವನ್ನೋ ಮುಟ್ಟಿದರೆ ಭೇಟಿ, ದಳದ ಮೇಲೆ ಕೂತು ಬಿಸಿಲು ಕಾಯಿಸಿದರೆ ಅಲ್ಲ. ಎಣಿಸಿದ ಹೂಗಳಿರುವ ಒಂದು ಗುಂಪನ್ನು ಆರಿಸಿ ಹತ್ತು ನಿಮಿಷ ನೋಡಿ, ಮುಂದಿನ ಗಿಡಕ್ಕೆ ಹೋಗಿ. ಹೂ ಅರಳಿದಾಗಿನಿಂದ ಬಾಡುವವರೆಗೂ ಎಲ್ಲ ಹೊತ್ತಿಗೂ ಸರದಿ ಬರಬೇಕು. ನಿಮ್ಮ ನೆರಳು ಹೂವಿನ ಮೇಲೆ ಬೀಳದಿರಲಿ. ಉಷ್ಣಾಂಶ, ಮೋಡ, ಗಾಳಿ ಬರೆಯಿರಿ.

ಪ್ರತಿ ಭೇಟಿಗೂ ಬರೆಯಬೇಕಾದದ್ದು: ಯಾವ ಕೀಟ, ಮಕರಂದಕ್ಕೋ ಪರಾಗಕ್ಕೋ, ಶಲಾಕಾಗ್ರ ಮುಟ್ಟಿತೇ, ಎಷ್ಟು ಸೆಕೆಂಡು ಇತ್ತು, ಅದೇ ಗಿಡದ ಎಷ್ಟು ಹೂಗಳಿಗೆ ಸರದಿಯಲ್ಲಿ ಹೋಯಿತು. ಕೊನೆಯದನ್ನು ಬಹಳಷ್ಟು ಜನ ಬಿಡುತ್ತಾರೆ. ಒಂದೇ ಮರದಲ್ಲಿ ಹೂವಿನಿಂದ ಹೂವಿಗೆ ಸುತ್ತುವ ಕೀಟ ಸಾಗಿಸುವುದು ಹೆಚ್ಚಾಗಿ ಆ ಮರದ್ದೇ ಪರಾಗ. ಸ್ವಂತ ಪರಾಗ ಒಪ್ಪದ ಮರಕ್ಕೆ ಆ ನೂರು ಭೇಟಿಗಳಿಂದ ಬರುವುದು ಅತ್ಯಲ್ಪ. ಎಣಿಕೆಯನ್ನು ಹೂವೊಂದಕ್ಕೆ ಗಂಟೆಗೆ ಎಷ್ಟು ಭೇಟಿ ಎಂಬ ದರವಾಗಿ ಬದಲಿಸಿ.

ಹತ್ತು ನಿಮಿಷದಲ್ಲಿ ಯಾರೂ ಬರದಿದ್ದರೆ ಸೊನ್ನೆ ಎಂದು ಬರೆಯಿರಿ. ಬೇಸರದಿಂದ ಆ ಸಾಲನ್ನೇ ಬಿಟ್ಟರೆ ದರ ತಾನಾಗಿ ಉಬ್ಬುತ್ತದೆ. ಮೂರುಕಾಲಿನ ಸ್ಟ್ಯಾಂಡ್ ಮೇಲಿಟ್ಟ ಮೊಬೈಲ್ ಕ್ಯಾಮೆರಾ ಈ ಬೇಸರಕ್ಕೆ ಒಳ್ಳೆಯ ಮದ್ದು, ಆದರೆ ಸಣ್ಣ ಕೀಟಗಳು ಅದರಲ್ಲಿ ಗುರುತು ಸಿಗುವುದಿಲ್ಲ.

ರಾತ್ರಿಯನ್ನು ಮರೆಯಬೇಡಿ. ಬಿಳಿಯ, ಸಂಜೆ ಕಂಪು ಬಿಡುವ ಹೂವಾದರೆ ಮಂದ ಕೆಂಪು ದೀಪದಲ್ಲಿ ಪತಂಗಗಳನ್ನು ಕಾಯಬೇಕು. ಇದಕ್ಕಿಂತ ಸುಲಭದ ಉಪಾಯ: ಕೆಲವು ಹೂಗಳಿಗೆ ಹಗಲು ಮಾತ್ರ ಚೀಲ, ಕೆಲವಕ್ಕೆ ರಾತ್ರಿ ಮಾತ್ರ. ಯಾವ ಪಾಳಿಯವರು ಬೀಜ ಕೊಟ್ಟರು ಎಂದು ಕಾಯಿಯೇ ಹೇಳುತ್ತದೆ.

ಹಳದಿ, ನೀಲಿ, ಬಿಳಿ ಬಟ್ಟಲುಗಳಲ್ಲಿ ಸೋಪಿನ ನೀರಿಟ್ಟು ಕೀಟ ಹಿಡಿಯುವ ವಿಧಾನ ಜನಪ್ರಿಯ. ಆ ಪ್ರದೇಶದಲ್ಲಿ ಯಾವ ಜೇನುಗಳಿವೆ ಎಂದು ತಿಳಿಯಲು ಅದು ಸರಿ, ನಿಮ್ಮ ಹೂವಿಗೆ ಯಾರು ಬಂದರು ಎಂದು ಹೇಳಲು ಬರುವುದಿಲ್ಲ. ಈ ಮಾರ್ಗದರ್ಶಿಯ ಪ್ರಶ್ನೆಗಳಿಗಾಗಿ ಅಷ್ಟು ಜೀವಗಳನ್ನು ಮುಳುಗಿಸುವ ಅಗತ್ಯವಿಲ್ಲ.

ಹಂತ 5: ಬಂದವರ ಗುರುತು

ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಜಾತಿಯ ಜೇನುಗಳಿವೆ. ಗೂಡು ಕಟ್ಟಿ ತುಪ್ಪ ಕೂಡಿಡುವವು ಅದರಲ್ಲಿ ಒಂದು ಸಣ್ಣ ಪಾಲು, ಬಹುಪಾಲು ಒಂಟಿಯಾಗಿ ನೆಲದಲ್ಲೋ ಟೊಳ್ಳು ಕಡ್ಡಿಯಲ್ಲೋ ಮರಿ ಮಾಡುತ್ತವೆ. ಎಲ್ಲವನ್ನೂ ಜಾತಿಯ ಮಟ್ಟಕ್ಕೆ ಗುರುತಿಸುವುದು ತಜ್ಞರಿಗೂ ಕಷ್ಟ. ‘ಸಣ್ಣ ಕಪ್ಪು ಒಂಟಿ ಜೇನು’, ‘ಬಡಗಿ ದುಂಬಿ’, ‘ಹೂನೊಣ’ ಎಂಬ ಪ್ರಾಮಾಣಿಕ ಗುಂಪುಗಳು ತಪ್ಪು ಜಾತಿಹೆಸರಿಗಿಂತ ಎಷ್ಟೋ ಮೇಲು. ಹೂನೊಣಗಳು ಹಳದಿ ಕಪ್ಪು ಪಟ್ಟೆ ತೊಟ್ಟು ಜೇನಿನ ವೇಷ ಹಾಕುತ್ತವೆ. ರೆಕ್ಕೆ ಒಂದೇ ಜೊತೆ, ಮೀಸೆ ತೀರಾ ಗಿಡ್ಡ, ಕಣ್ಣು ತಲೆಯ ತುಂಬ ಇದ್ದರೆ ಅದು ನೊಣ. ಜೇನಿಗೆ ಎರಡು ಜೊತೆ ರೆಕ್ಕೆ, ಮೈಮೇಲೆ ಕವಲೊಡೆದ ರೋಮ.

ಮೇಲಿನಿಂದ, ಪಕ್ಕದಿಂದ, ಮುಖದ ಎದುರಿನಿಂದ ಫೋಟೊ ತೆಗೆಯಿರಿ. ಗುಂಪಿಗೆ ಒಂದೆರಡು ಮಾದರಿಯನ್ನು ಮಾತ್ರ ಹಿಡಿದು ಸೂಜಿಗೆ ಚುಚ್ಚಿ, ಸ್ಥಳ, ದಿನಾಂಕ, ಯಾವ ಹೂವಿನ ಮೇಲೆ, ಹಿಡಿದವರು ಯಾರು ಎಂಬ ಚೀಟಿ ಅಂಟಿಸಿ. ಚೀಟಿಯಿಲ್ಲದ ಮಾದರಿ ಬರೀ ಸತ್ತ ಕೀಟ.

ಹಂತ 6: ಒಂದೇ ಭೇಟಿಯ ಪ್ರಯೋಗ

ಇಡೀ ಅಧ್ಯಯನದ ಎದೆ ಇರುವುದು ಇಲ್ಲಿ. ಮೊಗ್ಗಿನಿಂದಲೇ ಚೀಲದಲ್ಲಿದ್ದ, ಈವರೆಗೆ ಯಾರೂ ಮುಟ್ಟದ ಹೂವನ್ನು ತೆರೆದು ಕಾಯಿರಿ. ಒಂದು ಕೀಟ ಬಂದು, ತನ್ನ ಕೆಲಸ ಮುಗಿಸಿ ಹಾರಿದ ಕೂಡಲೇ ಚೀಲ ಕಟ್ಟಿ. ಇಲ್ಲಿಂದ ಎರಡು ದಾರಿ. ಶಲಾಕಾಗ್ರವನ್ನು ಕತ್ತರಿಸಿ ಸೂಕ್ಷ್ಮದರ್ಶಕದಡಿ ಪರಾಗದ ಕಣ ಎಣಿಸಬಹುದು, ಅಥವಾ ಕಾಯಿಯಾಗುವವರೆಗೆ ಕಾದು ಬೀಜ ಎಣಿಸಬಹುದು. ಮೊದಲನೆಯದಕ್ಕೆ ಅಂದೇ ಉತ್ತರ, ಎರಡನೆಯದಕ್ಕೆ ಹೆಚ್ಚು ನಂಬಬಹುದಾದ ಉತ್ತರ. ಸಾಧ್ಯವಾದರೆ ಬೇರೆ ಬೇರೆ ಹೂಗಳಲ್ಲಿ ಎರಡನ್ನೂ ಮಾಡಿ.

ನಿಯಂತ್ರಣದ ಹೂಗಳು ಕಡ್ಡಾಯ: ಅಷ್ಟೇ ಹೊತ್ತು ತೆರೆದಿಟ್ಟು, ಅಷ್ಟೇ ಕೈಯಾಡಿಸಿ, ಯಾರೂ ಬಾರದೆ ಮುಚ್ಚಿದ ಹೂಗಳು. ಅವುಗಳ ಮೇಲೂ ಒಂದಷ್ಟು ಕಣ ಬಿದ್ದಿರುತ್ತವೆ, ಅದನ್ನು ಕಳೆಯದೆ ಕೀಟಕ್ಕೆ ಶ್ರೇಯ ಕೊಡಬಾರದು. ಕೀಟದ ಒಂದು ಭೇಟಿಯ ಸಾಮರ್ಥ್ಯ ಅಳೆಯಲು ಸಂಶೋಧಕ ಸ್ಪಿಯರ್ಸ್ 1983ರಲ್ಲಿ ಕೊಟ್ಟ ಸೂತ್ರ ಇಂದಿಗೂ ಚಲಾವಣೆಯಲ್ಲಿದೆ. ಒಂದೇ ಭೇಟಿಯ ಹೂವಿನ ಸರಾಸರಿ ಬೀಜದಿಂದ ಭೇಟಿಯೇ ಇಲ್ಲದ ಹೂವಿನ ಸರಾಸರಿಯನ್ನು ಕಳೆಯಿರಿ. ಎಷ್ಟು ಬೇಕಾದರೂ ಭೇಟಿ ಕಂಡ ತೆರೆದ ಹೂವಿನ ಸರಾಸರಿಯಿಂದಲೂ ಅದನ್ನೇ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉತ್ತರ ಒಂದರ ಹತ್ತಿರ ಬಂದರೆ ಆ ಕೀಟದ ಒಂದೇ ಭೇಟಿ ಸಾಕು.

ಕೀಟಕ್ಕಾಗಿ ಗಂಟೆಗಟ್ಟಲೆ ಕಾಯುವ ಬದಲು ಮುಟ್ಟದ ಹೂವನ್ನು ತೊಟ್ಟು ಸಮೇತ ಕತ್ತರಿಸಿ ಉದ್ದ ಕೋಲಿನ ತುದಿಗೆ ಸಿಕ್ಕಿಸಿ, ಹತ್ತಿರದಲ್ಲಿ ಮೇಯುತ್ತಿರುವ ಕೀಟದ ಮುಂದೆ ಹಿಡಿಯುವ ತಂತ್ರವೂ ಇದೆ. ಕಣ ಎಣಿಸಲು ಇದು ಚೆನ್ನಾಗಿ ಒದಗುತ್ತದೆ, ಬೀಜಕ್ಕಲ್ಲ.

ಈಗ ಎಣಿಕೆ ಮತ್ತು ಸಾಮರ್ಥ್ಯ ಎರಡನ್ನೂ ಸೇರಿಸಿ. ಒಂದು ಕೀಟ ಹೂವಿಗೆ ದಿನಕ್ಕೆ 20 ಸಲ ಬಂದು ಸಲಕ್ಕೆ 5 ಕಣ ಬಿಡುತ್ತದೆ, ಇನ್ನೊಂದು 3 ಸಲ ಬಂದು ಸಲಕ್ಕೆ 60 ಕಣ ಬಿಡುತ್ತದೆ ಎಂದು ಊಹಿಸಿಕೊಳ್ಳಿ. ಎಣಿಕೆಯ ಪಟ್ಟಿಯಲ್ಲಿ ಮೊದಲನೆಯದು ರಾಜ. ಗುಣಿಸಿ ನೋಡಿದರೆ 100ಕ್ಕೆ 180. ಆದರೂ ಈ ಗುಣಾಕಾರವನ್ನು ಕುರುಡಾಗಿ ನಂಬಬೇಡಿ. ಶಲಾಕಾಗ್ರ ತುಂಬಿದ ಮೇಲೆ ಬಿದ್ದ ಕಣಕ್ಕೆ ಬೆಲೆಯಿಲ್ಲ. ಮತ್ತು ಇಪ್ಪತ್ತು ಸಲ ಬಂದು ಪರಾಗವನ್ನೆಲ್ಲ ಗೂಡಿಗೆ ಹೊತ್ತ ಕೀಟ, ಮೂರು ಸಲ ಬರುವವನಿಗೆ ಸಿಗಬಹುದಾಗಿದ್ದ ಪರಾಗವನ್ನೂ ಖಾಲಿ ಮಾಡಿರಬಹುದು. ಆಗ ಅದು ಸಣ್ಣ ಸಹಾಯಕನಲ್ಲ, ಕಳ್ಳ.

ಬದನೆ, ಟೊಮೆಟೊಗಳಲ್ಲಿ ಈ ವ್ಯತ್ಯಾಸ ಕಿವಿಗೇ ಕೇಳುತ್ತದೆ. ಬದನೆಯ ಪರಾಗಕೋಶ ಉದ್ದಕ್ಕೆ ಬಿರಿಯದೆ ತುದಿಯ ರಂಧ್ರಗಳಿಂದ ಮಾತ್ರ ಪರಾಗ ಬಿಡುತ್ತದೆ; ಟೊಮೆಟೊದ ಪರಾಗಕೋಶಗಳು ಕೊಳವೆಯಂತೆ ಕೂಡಿಕೊಂಡು ಒಳಮುಖವಾಗಿ ಬಿರಿಯುತ್ತವೆ, ಪರಾಗ ಆ ಕೊಳವೆಯ ತುದಿಯಿಂದ ಹೊರಬರುತ್ತದೆ. ಬಡಗಿ ದುಂಬಿ, ಬಂಬಲ್‌ಬೀ, ನೀಲಿಪಟ್ಟೆಯ ಜೇನುಗಳು ಹೂವನ್ನು ಕಚ್ಚಿ ಹಿಡಿದು, ರೆಕ್ಕೆ ಬಡಿಯದೆಯೇ ಹಾರಾಟದ ಸ್ನಾಯುಗಳನ್ನು ಕಂಪಿಸುತ್ತವೆ. ಪರಾಗ ಪಿಚಕಾರಿಯಂತೆ ಚಿಮ್ಮುತ್ತದೆ. ತುಪ್ಪ ಕೊಡುವ ಜೇನುಗಳಿಗೆ ಈ ವಿದ್ಯೆ ಬರುವುದಿಲ್ಲ. ಸುಮಾರು 20,000 ಜಾತಿಯ ಸಸ್ಯಗಳು ಈ ಕಂಪನವನ್ನು ನಂಬಿವೆ ಎಂಬ ಅಂದಾಜಿದೆ. ಹಾರುವಾಗಿನ ಗುಂಯ್‌ಗಿಂತ ಈ ಸದ್ದು ಹೆಚ್ಚು ತೀಕ್ಷ್ಣ. ಭೇಟಿಯ ಪಟ್ಟಿಯಲ್ಲಿ ‘ಸದ್ದು: ಇದೆ/ಇಲ್ಲ’ ಎಂಬ ಅಂಕಣ ಸೇರಿಸಿ. ಟ್ಯೂನಿಂಗ್ ಫೋರ್ಕ್ ಬಡಿದು ಪರಾಗಕೋಶಕ್ಕೆ ತಾಗಿಸಿದರೆ ನಿಮ್ಮ ಕೈಗೂ ಪರಾಗ ಉದುರುತ್ತದೆ, ಕೈಯಿಂದ ಹಚ್ಚುವ ಗುಂಪಿಗೆ ಪರಾಗ ಕೂಡಿಸಲು ಇದೇ ದಾರಿ.

ಹಂತ 7: ಪರಾಗದ ಬೆನ್ನು ಹತ್ತಿ

ಕೀಟದ ಮೈಮೇಲೆ ಯಾರ ಪರಾಗವಿದೆ? ಜೆಲಾಟಿನ್, ಗ್ಲಿಸರಿನ್, ಫುಕ್ಸಿನ್ ಬಣ್ಣ ಸೇರಿಸಿ ಮಾಡಿದ ಮೆತ್ತನೆಯ ಗುಲಾಬಿ ಜೆಲ್ಲಿಯ ತುಣುಕನ್ನು ಕೀಟದ ಮೈಗೆ ಒತ್ತಿ, ಗಾಜಿನ ಪಟ್ಟಿಯ ಮೇಲೆ ಕರಗಿಸಿ ನೋಡಿದರೆ ಕಣಗಳು ಬಣ್ಣ ಹೊದ್ದು ಕಾಣುತ್ತವೆ. ಹೋಲಿಸಲು ಸುತ್ತಲಿನ ಎಲ್ಲ ಹೂಬಿಟ್ಟ ಗಿಡಗಳ ಪರಾಗದ ಪಟ್ಟಿಗಳನ್ನು ಮೊದಲೇ ಸಿದ್ಧ ಮಾಡಿರಬೇಕು. ಹಿಂಗಾಲಿನ ಬುಟ್ಟಿಯಲ್ಲಿ ಒತ್ತಿ ತುಂಬಿದ ಉಂಡೆಯನ್ನು ಮುಟ್ಟಬೇಡಿ. ಮಕರಂದದಿಂದ ನಾದಿದ ಆ ಪರಾಗ ಮರಿಗಳ ಪಾಲಿನದು, ಶಲಾಕಾಗ್ರಕ್ಕೆ ಹೋಗುವುದು ತೀರಾ ಕಡಿಮೆ. ಎದೆ, ಹೊಟ್ಟೆ, ತಲೆಯ ರೋಮಗಳಲ್ಲಿ ಚದುರಿದ್ದೇ ನಿಮಗೆ ಬೇಕಾದದ್ದು.

ಪರಾಗ ಬಿದ್ದ ಮೇಲೆ ಮೊಳೆಯಿತೇ ಎಂದು ನೋಡಲು ಪ್ರಯೋಗಾಲಯ ಬೇಕು. ಶಲಾಕೆಯನ್ನು ಆಲ್ಕೊಹಾಲ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಸ್ಥಿರಗೊಳಿಸಿ, ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಮೆತ್ತಗೆ ಮಾಡಿ, ಬಣ್ಣ ಕಳೆದ ಅನಿಲೀನ್ ಬ್ಲೂ ಹಾಕಿ ನೇರಳಾತೀತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊಳೆತ ಪರಾಗನಾಳದ ಗೋಡೆಯಲ್ಲಿರುವ ಕ್ಯಾಲೋಸ್ ಎಂಬ ವಸ್ತು ಹೊಳೆಯುತ್ತದೆ. ಸ್ವಂತ ಪರಾಗದ ನಾಳ ಶಲಾಕೆಯ ನಡುವೆಯೇ ನಿಂತದ್ದು ಕಂಡರೆ, ಹಂತ 3ರಲ್ಲಿ ಕಾಯಿ ಕಟ್ಟದ್ದಕ್ಕೆ ಕಾರಣ ಸಿಕ್ಕಿತು.

ಹಂತ 8: ಲೆಕ್ಕ ಮತ್ತು ಬರವಣಿಗೆ

ಐದು ಗಿಡಗಳ ಇನ್ನೂರು ಹೂಗಳನ್ನು ನೋಡಿದರೆ ನಿಮ್ಮ ಬಳಿ ಇರುವುದು ಇನ್ನೂರು ಸ್ವತಂತ್ರ ಮಾಪನಗಳಲ್ಲ. ಒಂದೇ ಗಿಡದ ಹೂಗಳು ಒಂದೇ ಬೇರಿನಿಂದ ಉಣ್ಣುತ್ತವೆ. 1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ ಪರಿಸರ ವಿಜ್ಞಾನದ ಪ್ರಯೋಗಗಳಲ್ಲಿನ ಈ ಹುಸಿ ಪುನರಾವರ್ತನೆಯನ್ನು ಎತ್ತಿ ತೋರಿಸಿದ ಮೇಲೂ ಇದು ನಿಂತಿಲ್ಲ. ಹೂಗಳ ಸಂಖ್ಯೆ ಹೆಚ್ಚಿಸುವ ಮೊದಲು ಗಿಡಗಳ ಸಂಖ್ಯೆ ಹೆಚ್ಚಿಸಿ; ವಿಶ್ಲೇಷಣೆಯಲ್ಲಿ ಗಿಡವನ್ನು ಯಾದೃಚ್ಛಿಕ ಅಂಶವಾಗಿ ಸೇರಿಸಿ, ಆಗ ಗಿಡದಿಂದ ಗಿಡಕ್ಕೆ ಇರುವ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಕಾಯಿ ಕಟ್ಟಿತೇ ಇಲ್ಲವೇ ಎಂಬುದು ಹೌದು-ಅಲ್ಲದ ದತ್ತಾಂಶ, ಬೀಜದ ಸಂಖ್ಯೆ ಎಣಿಕೆಯ ದತ್ತಾಂಶ. ಎರಡಕ್ಕೂ ಒಂದೇ ಪರೀಕ್ಷೆ ಹೊಂದುವುದಿಲ್ಲ.

ಹೂವಿನ ಬಣ್ಣ, ಆಕಾರ ನೋಡಿ ಪರಾಗಸ್ಪರ್ಶಕವನ್ನು ತೀರ್ಮಾನಿಸುವ ಚಪಲ ಬರವಣಿಗೆಯ ಹೊತ್ತಿಗೆ ಮರಳಿ ಬರುತ್ತದೆ. 1862ರಲ್ಲಿ ಡಾರ್ವಿನ್ ಮಡಗಾಸ್ಕರ್‌ನ ಒಂದು ಆರ್ಕಿಡ್‌ನ ಉದ್ದನೆಯ ಮಕರಂದ ನಾಳ ನೋಡಿ ಅಷ್ಟೇ ಉದ್ದ ಸೊಂಡಿಲಿನ ಪತಂಗ ಇರಬೇಕೆಂದರು, 1903ರಲ್ಲಿ ಅಂಥದ್ದೊಂದರ ವಿವರಣೆ ಪ್ರಕಟವಾಯಿತು. ಎಲ್ಲರೂ ಉಲ್ಲೇಖಿಸುವುದು ಇದನ್ನೇ. 2009ರಲ್ಲಿ ಜೆಫ್ ಒಲರ್ಟನ್ ಮತ್ತು ಸಂಗಡಿಗರು ಹಲವು ಖಂಡಗಳ ಸಸ್ಯಗಳ ಮೇಲೆ ಈ ಬಗೆಯ ಊಹೆಯನ್ನು ಪರೀಕ್ಷಿಸಿದಾಗ, ಮುಖ್ಯ ಪರಾಗಸ್ಪರ್ಶಕ ಯಾರೆಂದು ಸರಿಯಾಗಿ ಹೇಳಲಾದದ್ದು ಮೂರರಲ್ಲಿ ಒಂದರಷ್ಟು ಜಾತಿಗಳಿಗೆ ಮಾತ್ರ ಎಂಬುದು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ.

ಜೇನುಪೆಟ್ಟಿಗೆ ಇಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ತೀರ್ಮಾನಕ್ಕೂ ಆತುರ ಬೇಡ. 2013ರಲ್ಲಿ ಲೂಕಾಸ್ ಗರಿಬಾಲ್ಡಿ ಮತ್ತು ಸಹೋದ್ಯೋಗಿಗಳು ಜಗತ್ತಿನ 41 ಬೆಳೆ ವ್ಯವಸ್ಥೆಗಳ ದತ್ತಾಂಶ ಒಟ್ಟುಗೂಡಿಸಿ ನೋಡಿದಾಗ, ಕಾಡುಕೀಟಗಳ ಭೇಟಿ ಹೆಚ್ಚಿದಲ್ಲೆಲ್ಲ ಕಾಯಿ ಕಟ್ಟುವುದೂ ಹೆಚ್ಚಿತ್ತು. ಸಾಕುಜೇನಿನ ಭೇಟಿಯಿಂದ ಸ್ಪಷ್ಟ ಹೆಚ್ಚಳ ಕಂಡದ್ದು ಶೇ. 14ರಷ್ಟು ವ್ಯವಸ್ಥೆಗಳಲ್ಲಿ ಮಾತ್ರ. ನಿಮ್ಮ ಹೊಲದಲ್ಲಿ ಯಾವುದು ನಿಜ ಎಂಬುದಕ್ಕೆ ಹಂತ 6ರ ಅಂಕಿಗಳೇ ಆಧಾರ. ಅದೂ ಒಂದು ವರ್ಷದ ಅಂಕಿ ಸಾಲದು, ಕೀಟಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ತೀವ್ರವಾಗಿ ಏರಿಳಿಯುತ್ತದೆ.

ಎಣಿಕೆ ಮಾತ್ರ ಮಾಡಿದ್ದರೆ ವರದಿಯಲ್ಲಿ ‘ಹೂಭೇಟಿಗಾರರು’ ಎಂದೇ ಬರೆಯಿರಿ. ಮೂಲ ಪಟ್ಟಿಯನ್ನು, ಸೊನ್ನೆಗಳಿರುವ ಸಾಲುಗಳ ಸಮೇತ, ಸರಾಸರಿಯ ಜೊತೆಗೆ ಉಳಿಸಿ; ಚೀಲದ ಬಟ್ಟೆಯ ಕಣ್ಣಿನ ಅಳತೆ, ವೀಕ್ಷಣೆಯ ಒಟ್ಟು ನಿಮಿಷ, ದಾನಿ ಗಿಡಗಳ ಸಂಖ್ಯೆ ಅದರಲ್ಲಿರಲಿ. ಸೂಜಿಗೆ ಚುಚ್ಚಿದ ಮಾದರಿಗಳನ್ನು ಮನೆಯ ಡಬ್ಬಿಯಲ್ಲಿ ಇಟ್ಟುಕೊಳ್ಳದೆ ಕೀಟಸಂಗ್ರಹ ಇರುವ ಸಂಸ್ಥೆಗೆ ಒಪ್ಪಿಸಿ, ಅವರು ಕೊಟ್ಟ ಸಂಖ್ಯೆಯನ್ನು ವರದಿಯಲ್ಲಿ ನಮೂದಿಸಿ. ಇಂದು ನೀವು ‘ಸಣ್ಣ ಕಪ್ಪು ಒಂಟಿ ಜೇನು’ ಎಂದು ಬರೆದದ್ದನ್ನು ಮುಂದೆ ತಜ್ಞರೊಬ್ಬರು ಜಾತಿಯವರೆಗೆ ಗುರುತಿಸಬೇಕಾದರೆ ಆ ಸಂಖ್ಯೆ ಬೇಕಾಗುತ್ತದೆ.